ಶಾಲೆಯ ಗಡಿ, ಸರ್ಕಾರದ ಗಡಿ: ಚಿಕ್ಕೋಡಿ ಸೀಮೆಯ ಶಿಕ್ಷಣ ವ್ಯವಸ್ಥೆ ಬೆಳೆದ ಬಗೆ

ಕಂದಾಯ ಇಲಾಖೆಯ ಲೆಕ್ಕದಲ್ಲಿ ಚಿಕ್ಕೋಡಿ ಬೆಳಗಾವಿ ಜಿಲ್ಲೆಯ ಒಂದು ಉಪವಿಭಾಗ. ಅಲ್ಲಿನ ಉಪವಿಭಾಗಾಧಿಕಾರಿಯ ಆಡಳಿತಕ್ಕೆ ಒಳಪಟ್ಟಿರುವುದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳು. ಅದೇ ಊರಿನಲ್ಲಿರುವ ಶಾಲಾ ಶಿಕ್ಷಣ ಉಪನಿರ್ದೇಶಕರ ಕಚೇರಿಯ ಮೆಟ್ಟಿಲು ಹತ್ತಿದರೆ ಚಿಕ್ಕೋಡಿ ಒಂದು ಜಿಲ್ಲೆ. ಈ ಐದರ ಜೊತೆಗೆ ಹುಕ್ಕೇರಿ, ಗೋಕಾಕ, ಮೂಡಲಗಿ ಸೇರಿ ಅದಕ್ಕೆ ಎಂಟು ವಲಯಗಳು. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಬೆಳಗಾವಿಗೆ ಒಂದು ಸಾಲು, ಚಿಕ್ಕೋಡಿಗೆ ಇನ್ನೊಂದು ಸಾಲು. 2017ರಲ್ಲಿ ಉಡುಪಿ, ದಕ್ಷಿಣ ಕನ್ನಡಗಳ ಬೆನ್ನಿಗೇ ಚಿಕ್ಕೋಡಿ ರಾಜ್ಯಕ್ಕೆ ಮೂರನೆಯ ಸ್ಥಾನದಲ್ಲಿತ್ತು. ಈ ಪಟ್ಟಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ‘ಚಿಕ್ಕೋಡಿ ಜಿಲ್ಲೆ ಯಾವಾಗ ಆಯಿತು?’ ಎಂದು ಕೇಳುವವರು ದಕ್ಷಿಣದ ಕಡೆ ಇಂದಿಗೂ ಸಿಗುತ್ತಾರೆ.

ಇದನ್ನು ಆಡಳಿತದ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಎಂದು ತಳ್ಳಿಹಾಕಬಹುದು. ತುಮಕೂರಿನ ಪಕ್ಕ ಮಧುಗಿರಿ, ಉತ್ತರ ಕನ್ನಡದಲ್ಲಿ ಶಿರಸಿ ಹೀಗೆಯೇ ಶೈಕ್ಷಣಿಕ ಜಿಲ್ಲೆಗಳಾಗಿವೆ. ಆದರೆ ಚಿಕ್ಕೋಡಿ ಸೀಮೆಯ ನೂರೈವತ್ತು ವರ್ಷಗಳ ಶಾಲಾ ಇತಿಹಾಸವನ್ನು ಒಟ್ಟಿಗೆ ನೋಡಿದಾಗ ಬೇರೊಂದು ಸಂಗತಿ ಕಾಣುತ್ತದೆ. ಇಲ್ಲಿ ಶಾಲೆಯ ನಕ್ಷೆ ಯಾವ ಕಾಲದಲ್ಲೂ ಆಳುವವರ ನಕ್ಷೆಯ ನಕಲಾಗಿರಲಿಲ್ಲ. ಕೆಲವೊಮ್ಮೆ ಅದು ಸರ್ಕಾರದ ಗಡಿಯನ್ನು ದಾಟಿಹೋಗಿದೆ, ಕೆಲವೊಮ್ಮೆ ಸರ್ಕಾರಕ್ಕಿಂತ ಮುಂಚೆಯೇ ತನ್ನ ಗಡಿಯನ್ನು ಹಾಕಿಕೊಂಡಿದೆ. ಶಿಕ್ಷಣ ವ್ಯವಸ್ಥೆಯನ್ನು ಕಾಯ್ದೆಗಳ ಸರಣಿಯಾಗಿ ಬರೆಯುವುದು ನಮ್ಮಲ್ಲಿ ರೂಢಿ. ಈ ಐದು ತಾಲ್ಲೂಕುಗಳಲ್ಲಿ ಕಾಯ್ದೆಯಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿ, ಶಾಲೆಯನ್ನು ರೂಪಿಸಿದವು ಮೂರು ಸಂಗತಿಗಳು: ತಪಾಸಣೆಗೆ ಬರುವವನು ಯಾರು, ಪಾಠ ಯಾವ ಭಾಷೆಯಲ್ಲಿ, ಮಗು ವಾಸಿಸುವುದು ಎಲ್ಲಿ.

ಚೂರುಚೂರಾದ ಸೀಮೆ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಐದು ತಾಲ್ಲೂಕುಗಳಿಗೆ ಒಬ್ಬ ಒಡೆಯನಿರಲಿಲ್ಲ. ಪೇಶ್ವೆಯ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಚಿಕ್ಕೋಡಿ, ಮನೋಳಿ ಸೀಮೆಗಳು ಕೊಲ್ಹಾಪುರಕ್ಕೂ ಕಂಪನಿಗೂ ನಡುವೆ ಕೈ ಬದಲಾಯಿಸಿ ಕೊನೆಗೆ ಕಂಪನಿಯ ವಶವಾದವು. ನಿಪ್ಪಾಣಿಯ ದೇಸಾಯಿ ಸಿದ್ಧೋಜಿರಾವ್ ನಿಂಬಾಳಕರ 1839ರಲ್ಲಿ ತೀರಿಕೊಂಡ. ಅಥಣಿ ಕಂಪನಿ ಸರ್ಕಾರಕ್ಕೆ ಬಂದದ್ದು ಆ ಸಂಸ್ಥಾನದಿಂದಲೇ. ಕಾಗವಾಡ ಪಟವರ್ಧನರ ಒಂದು ಕವಲಿನ ಜಹಗೀರು, ಅದೂ ಶತಮಾನದ ಮಧ್ಯಭಾಗದಲ್ಲಿ ವಾರಸುದಾರರಿಲ್ಲದೆ ಬ್ರಿಟಿಷರ ಪಾಲಾಯಿತು. ಅದರ ಮಗ್ಗುಲಲ್ಲೇ ಇರುವ ಉಗಾರ ಖುರ್ದ ಮಾತ್ರ ಸಾಂಗಲಿ ಸಂಸ್ಥಾನದಲ್ಲಿ ಉಳಿಯಿತು. 1939ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆ ಎದ್ದಾಗಲೂ ಆ ನೆಲ ಸಾಂಗಲಿಯ ರಾಜರದ್ದೇ. ರಾಯಬಾಗ ಕೊಲ್ಹಾಪುರದ ಛತ್ರಪತಿಗಳದು, 1949ರ ಮಾರ್ಚ್ 1ರಂದು ಆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ.

ಹೀಗಾಗಿ ಕೃಷ್ಣಾ ತೀರದ ಒಂದು ಹಳ್ಳಿಯ ಹುಡುಗನಿಗೆ ಬ್ರಿಟಿಷ್ ಇಲಾಖೆಯ ಶಾಲೆ, ಎರಡು ಹರದಾರಿ ಆಚೆಯ ಸೋದರಮಾವನ ಮಗನಿಗೆ ಕೊಲ್ಹಾಪುರ ಸಂಸ್ಥಾನದ ಶಾಲೆ, ಹೊಳೆ ದಾಟಿದರೆ ಸಾಂಗಲಿಯ ಶಾಲೆ. ಮನೆಯ ಮಾತು ಮೂವರದ್ದೂ ಕನ್ನಡವಿರಬಹುದು, ಕಚೇರಿಯ ಮಾತು ಮಾತ್ರ ಹೆಚ್ಚಿನ ಕಡೆ ಮರಾಠಿ.

ಸರ್ಕಾರಿ ಶಾಲೆ ಬರುವ ಮೊದಲು ಇದ್ದದ್ದು ಗಾವಠಿ ಶಾಲೆ, ಐಗಳ ಮಠ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ, ಗಟ್ಟಿಸ್ವರದಲ್ಲಿ ಮಗ್ಗಿ, ಪಾವಕಿ, ಅರ್ಧಕಿ, ದೀಡಕಿಗಳ ಬಾಯಿಪಾಠ. ಕುಲಕರ್ಣಿಕಿಗೆ, ಸಾವುಕಾರನ ವಹಿಗೆ ಬೇಕಾದ್ದರಿಂದ ಮೋಡಿ ಲಿಪಿಯ ಓದು. ಮಾಸ್ತರರ ಸಂಬಳ ಕಾಳುಕಡಿ, ಹಬ್ಬದ ದಕ್ಷಿಣೆ. ಒಂದು ಊರಿನ ಮಠಕ್ಕೂ ಇನ್ನೊಂದರ ಮಠಕ್ಕೂ ಸಂಬಂಧವಿರಲಿಲ್ಲ, ಆದ್ದರಿಂದ ಅದನ್ನು ವ್ಯವಸ್ಥೆ ಎನ್ನಲಾಗದು. ಕಲಿಕೆಯೇ ಇರಲಿಲ್ಲ ಎನ್ನುವ ಮಾತಂತೂ ಸುಳ್ಳು. ಬಾಯಿಲೆಕ್ಕದಲ್ಲಿ ಆ ಮಠದ ಹುಡುಗರ ಕೈ ಮುಂದಿತ್ತು.

ಇಲಾಖೆ ಬಂದಿತು

ವುಡ್ಸ್ ವರದಿ 1854ರದು. ಮರುವರ್ಷ ಮುಂಬಯಿ ಪ್ರಾಂತದಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆ ಕಣ್ಣುಬಿಟ್ಟಿತು. ಮೇಲೆ ನಿರ್ದೇಶಕ, ಅವನ ಕೆಳಗೆ ವಿಭಾಗಕ್ಕೊಬ್ಬ ಎಜುಕೇಶನಲ್ ಇನ್‌ಸ್ಪೆಕ್ಟರ್, ಜಿಲ್ಲೆಗೆ ಡೆಪ್ಯುಟಿ, ತಾಲ್ಲೂಕುಗಳನ್ನು ಸುತ್ತಲು ಸಹಾಯಕ ಡೆಪ್ಯುಟಿಗಳು. ಬೆಳಗಾವಿ ಸೇರಿದ್ದು ದಕ್ಷಿಣ ವಿಭಾಗಕ್ಕೆ. ಹಣಕ್ಕೆ ದಾರಿಯಾದದ್ದು 1860ರ ದಶಕದ ಲೋಕಲ್ ಫಂಡ್. ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದು ಆಣೆ ಪಟ್ಟಿ ಎತ್ತಿ, ಅದರಲ್ಲಿ ಮೂರನೆಯ ಒಂದು ಪಾಲು ಶಾಲೆಗೆ, ಉಳಿದದ್ದು ರಸ್ತೆ ಮುಂತಾದವಕ್ಕೆ. 1869ರ ಕಾಯ್ದೆ ಇದನ್ನು ಗಟ್ಟಿಮಾಡಿತು. ಇದರ ಪರಿಣಾಮವನ್ನು ನಮ್ಮ ಇತಿಹಾಸಗಳು ಸಾಕಷ್ಟು ಗಮನಿಸಿಲ್ಲ ಎಂದು ನನಗೆ ಅನ್ನಿಸುತ್ತದೆ. ಒಕ್ಕಲಿಗನ ಕೈಯಿಂದ ಪಟ್ಟಿ ಹೋಗುತ್ತಿತ್ತು, ಶಾಲೆ ಬರುತ್ತಿದ್ದದ್ದು ಮಾತ್ರ ದೊಡ್ಡ ಊರಿಗೆ. ಅಲ್ಲಿ ಓದುತ್ತಿದ್ದವರಲ್ಲಿ ಒಕ್ಕಲು ಮಕ್ಕಳು ಕಡಿಮೆ. ಸಣ್ಣ ಹಳ್ಳಿಗೆ ಶಾಲೆ ತಲುಪಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಈ ಶ್ರೇಣಿಯಲ್ಲಿ ಹಳ್ಳಿಯ ಕಣ್ಣಿಗೆ ಕಾಣುತ್ತಿದ್ದವನು ಡೆಪ್ಯುಟಿ. ಕನ್ನಡದ ಕೆಲಸಕ್ಕೆ ಹೆಸರಾದ ಚನ್ನಬಸಪ್ಪನವರಿಗೆ ಆ ಹುದ್ದೆಯೇ ಹೆಸರಿನ ಭಾಗವಾಗಿ ಉಳಿಯಿತು. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿದ್ದ ಅವರು, ಇನ್‌ಸ್ಪೆಕ್ಟರ್ ರಸೆಲ್ ಅವರ ಬೆಂಬಲದಿಂದ ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ಕನ್ನಡ ಮಕ್ಕಳಿಗೆ ಮರಾಠಿಯಲ್ಲಿ ಪಾಠ ನಡೆಯುತ್ತಿದ್ದ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದರು. ಮಾಸ್ತರರನ್ನು ತಯಾರು ಮಾಡಿದರು, ಪುಸ್ತಕ ಬರೆಸಿದರು. 1881ರಲ್ಲಿ ಅವರು ತೀರಿಕೊಂಡಾಗ ಈ ಕೆಲಸ ಅರ್ಧವೂ ಆಗಿರಲಿಲ್ಲ. ಚಿಕ್ಕೋಡಿ, ಅಥಣಿ ತಾಲ್ಲೂಕುಗಳ ಬಡಗಣ ಅಂಚಿನಲ್ಲಂತೂ ಯಾವ ಊರಿಗೆ ಯಾವ ಭಾಷೆಯ ಶಾಲೆ ಎಂಬುದು ಅಂದಿನಿಂದ ಇಂದಿನವರೆಗೆ ಪೂರ್ತಿ ಇತ್ಯರ್ಥವಾದ ವಿಷಯವಲ್ಲ. ಇಲ್ಲಿ ಗಮನಿಸಬೇಕಾದದ್ದು, ಶಾಲೆಯ ಭಾಷೆಯನ್ನು ಬದಲಿಸಿದ್ದು ಯಾವ ಕಾಯ್ದೆಯೂ ಅಲ್ಲ, ಕುದುರೆಯ ಮೇಲೋ ಚಕ್ಕಡಿಯಲ್ಲೋ ಊರೂರು ಸುತ್ತುವ ಒಬ್ಬ ಅಧಿಕಾರಿಯ ತಪಾಸಣೆ ಎಂಬುದು.

ಶಾಲೆಯ ಒಳಗಿನ ಮೆಟ್ಟಿಲುಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಗು ಮೊದಲು ಬಿಗರಿಗೆ ಸೇರುತ್ತಿತ್ತು, ಆಮೇಲೆ ಒಂದನೆಯ ಇಯತ್ತೆ. ನಾಲ್ಕನೆಯ ಇಯತ್ತೆ ಮುಗಿದ ಮೇಲೆ ದಾರಿ ಕವಲೊಡೆಯುತ್ತಿತ್ತು. ಒಂದು ಕವಲು ಕನ್ನಡದಲ್ಲೋ ಮರಾಠಿಯಲ್ಲೋ ಏಳನೆಯವರೆಗೆ ಓದಿ ಮುಲ್ಕಿ ಪರೀಕ್ಷೆ ಕಟ್ಟುವುದು. ಇನ್ನೊಂದು ಕವಲು ಇಂಗ್ಲಿಷ್ ಶಾಲೆಗೆ ಸೇರಿ, ಅಲ್ಲಿ ಮತ್ತೆ ಒಂದನೆಯ ಇಯತ್ತೆಯಿಂದ ಏಳರವರೆಗೆ ಏರಿ ಮ್ಯಾಟ್ರಿಕ್ ಮುಟ್ಟುವುದು. ಮುಲ್ಕಿ ಪಾಸಾದವನಿಗೆ ತಲಾಠಿಯೋ ಕಾರಕೂನನೋ ಆಗುವ ಯೋಗ. ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಿಬಂದರೆ ಕಾಯಂ ಮಾಸ್ತರಿಕೆ. ಮ್ಯಾಟ್ರಿಕ್ ಆದವನಿಗೆ ಬೆಳಗಾವಿ, ಪುಣೆ, ಮುಂಬಯಿ ತೆರೆಯುತ್ತಿದ್ದವು. ಹತ್ತು ವರ್ಷದ ಮಗುವಿನ ಬದುಕನ್ನು ತಂದೆಯ ಜೇಬು ನೋಡಿ ತೀರ್ಮಾನಿಸುವ ಏರ್ಪಾಡು ಇದು. ಇಂಗ್ಲಿಷ್ ಶಾಲೆ ಇದ್ದದ್ದು ಪಟ್ಟಣಗಳಲ್ಲಿ, ಹುಡುಗನನ್ನು ಅಲ್ಲಿ ಇಡಲು ಅನ್ನದ ವ್ಯವಸ್ಥೆ ಬೇಕು. ವಾರಾನ್ನ ಸಿಗುವ ಜಾತಿಯವರಿಗೆ ಅದು ಸುಲಭ, ಉಳಿದವರಿಗೆ ಕಷ್ಟ.

ಕರ್ನಾಟಕದ ಹೆಚ್ಚಿನ ಶಾಲೆಗಳಲ್ಲಿ ಪ್ರಾಥಮಿಕ ಘಟ್ಟ ಏಳಕ್ಕೆ ಮುಗಿದು ಪ್ರೌಢಶಾಲೆ ಎಂಟರಿಂದ ಶುರುವಾಗುವುದನ್ನು ನೋಡಿದಾಗ ಹಳೆಯ ಮುಲ್ಕಿಯ ಹೊಲಿಗೆ ನೆನಪಾಗದೆ ಇರದು. ಏಳನೆಯದರ ಪಬ್ಲಿಕ್ ಪರೀಕ್ಷೆ ಈಗಿಲ್ಲ. ಆದರೂ ಆ ತರಗತಿಯ ಕೊನೆಯಲ್ಲಿ ದಾಖಲೆ ತೆಗೆದುಕೊಂಡು ಬೇರೆ ಶಾಲೆಗೆ ಹೋಗುವ ಪದ್ಧತಿ ಹಳ್ಳಿಗಳಲ್ಲಿ ಉಳಿದಿದೆ.

ಮುಂಬಯಿ ಇಲಾಖೆ ಬಿಟ್ಟುಹೋದ ಅತ್ಯಂತ ಬಾಳಿಕೆಯ ವಸ್ತು ಜನರಲ್ ರಜಿಸ್ಟರ್. ಉದ್ದನೆಯ ಹಾಳೆ, ರಟ್ಟಿನ ಹೊದಿಕೆ, ಅಡ್ಡಡ್ಡ ಕಾಲಮ್ಮುಗಳು: ಅನುಕ್ರಮ ನಂಬರು, ಪೂರ್ಣ ಹೆಸರು, ಜಾತಿ, ಹುಟ್ಟಿದ ಊರು, ಹುಟ್ಟಿದ ತಾರೀಖು, ಹಿಂದಿನ ಶಾಲೆ, ದಾಖಲಾದ ದಿನ, ಅಭ್ಯಾಸ, ನಡತೆ, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ. ತಾರೀಖಿನ ಕಾಲಮ್ಮಿನಲ್ಲಿ ಕಣ್ಣಾಡಿಸಿದರೆ ಜೂನ್ 1 ಪದೇ ಪದೇ ಕಾಣುತ್ತದೆ. ಶಾಲೆಯ ವರ್ಷ ಜೂನಿನಲ್ಲಿ ಆರಂಭ, ಮಗುವಿನ ಜನ್ಮದಿನ ಮನೆಯವರಿಗೆ ನೆನಪಿಲ್ಲ, ಮಾಸ್ತರರು ವಯಸ್ಸು ಕೂಡಿಬರುವ ಹಾಗೆ ಒಂದು ತಾರೀಖು ಬರೆದರು. ಈಗ ಪಿಂಚಣಿಗೆ ಬಂದಿರುವ ಒಂದು ಪೀಳಿಗೆಯ ಅರ್ಧ ಜನ ಒಂದೇ ದಿನ ಹುಟ್ಟಿದವರು! ಜಾತಿಯ ಕಾಲಮ್ಮಿನ ತೂಕ ಇನ್ನೂ ಹೆಚ್ಚು. ಜಾತಿ ಪ್ರಮಾಣಪತ್ರಕ್ಕೆ ಅಜ್ಜನ ಶಾಲಾ ದಾಖಲೆ ಬೇಕೆಂದು ತಹಶೀಲ್ದಾರ ಕಚೇರಿ ಕೇಳಿದಾಗ ಮೊಮ್ಮಕ್ಕಳು ಹುಡುಕಿಕೊಂಡು ಬರುವುದು ಈ ಪುಸ್ತಕವನ್ನೇ. ಕಂದಾಯ ಇಲಾಖೆ ಒಬ್ಬನ ಕುಲವನ್ನು ನಂಬಬೇಕಾದರೆ ಕನ್ನಡ ಸಾಲಿಯ ಮಾಸ್ತರ ಮಸಿಯಲ್ಲಿ ಬರೆದ ಸಾಲನ್ನು ನೋಡಬೇಕು.

ಅಂಥ ಮಾಸ್ತರರಲ್ಲಿ ಒಬ್ಬರು ಮಿರ್ಜಿ ಅಣ್ಣಾರಾಯರು. 1918ರಲ್ಲಿ ಶೇಡಬಾಳದಲ್ಲಿ ಹುಟ್ಟಿ, ಶಿಕ್ಷಕರಾಗಿ ದುಡಿದು, ಈ ಗಡಿಸೀಮೆಯ ಜೈನ ಒಕ್ಕಲುಮನೆಗಳ ಬದುಕನ್ನು ‘ನಿಸರ್ಗ’ ಕಾದಂಬರಿಗೆ ತಂದರು. ಕಥೆಯ ಮಾತು ಇಲ್ಲಿನ ಜನರ ಬಾಯಿಯದು, ಪಠ್ಯಪುಸ್ತಕದ್ದಲ್ಲ. ಇಲಾಖೆಯ ಗ್ರಾಂಥಿಕ ಕನ್ನಡವನ್ನು ಕಲಿಸುವ ಕೆಲಸದಲ್ಲಿದ್ದ ಲೇಖಕರು ತಮ್ಮ ಬರಹಕ್ಕೆ ಹೊಲಮನೆಯ ಕನ್ನಡವನ್ನು ಆರಿಸಿಕೊಂಡರು ಎಂಬುದನ್ನು ಶಿಕ್ಷಣದ ಇತಿಹಾಸಕಾರನೂ ಗಮನಿಸಬೇಕು.

ಸಂಸ್ಥಾನದ ದಾರಿ

ಬ್ರಿಟಿಷ್ ಭಾಗದ ಕಥೆ ಇಷ್ಟಾದರೆ ರಾಯಬಾಗದ ಕಥೆ ಕೊಲ್ಹಾಪುರದಿಂದ ಶುರುವಾಗಬೇಕು. 1894ರಲ್ಲಿ ಅಧಿಕಾರ ವಹಿಸಿಕೊಂಡ ಶಾಹೂ ಮಹಾರಾಜರು 1902ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. ನೌಕರಿಗೆ ಓದಿದವರು ಬೇಕು, ಓದಲು ಪಟ್ಟಣದಲ್ಲಿ ಅನ್ನ ಮತ್ತು ಆಸರೆ ಬೇಕು. ವಾರಾನ್ನದ ಕಷ್ಟಕ್ಕೆ ಅವರು ಕಂಡುಕೊಂಡ ಉತ್ತರ ಬೋರ್ಡಿಂಗು. ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ, ಅಸ್ಪೃಶ್ಯರಿಗೆ ಎಂದು ಕೊಲ್ಹಾಪುರದಲ್ಲಿ ಒಂದರ ಹಿಂದೊಂದು ವಸತಿಗೃಹಗಳು ಎದ್ದವು. ಜಾತಿಗೊಂದು ಬೋರ್ಡಿಂಗು ಎಂದು ಇಂದು ಮೂಗು ಮುರಿಯುವುದು ಸುಲಭ. ಮಠದ ಊಟವೂ ಇಲ್ಲದ, ವಾರಾನ್ನವೂ ಸಿಗದ ಹುಡುಗನಿಗೆ ಪಟ್ಟಣದಲ್ಲಿ ಬೇರೆ ಯಾವ ಬಾಗಿಲು ತೆರೆದಿತ್ತು ಎಂಬ ಪ್ರಶ್ನೆಗೆ ಮೂಗು ಮುರಿಯುವವರು ಉತ್ತರ ಕೊಡಬೇಕು.

1917ರಲ್ಲಿ ಕೊಲ್ಹಾಪುರ ಸಂಸ್ಥಾನ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯಗೊಳಿಸಿತು. ಬ್ರಿಟಿಷ್ ಮುಂಬಯಿಯಲ್ಲಿ ವಿಠ್ಠಲಭಾಯಿ ಪಟೇಲರ ಮಸೂದೆ ಕಾಯ್ದೆಯಾದದ್ದು 1918ರಲ್ಲಿ. ಅದೂ ಮುನಿಸಿಪಾಲಿಟಿಗಳಿಗಷ್ಟೇ, ಅವು ಬಯಸಿದರೆ ಮಾತ್ರ. ಅಂದರೆ ರಾಯಬಾಗದ ಹಳ್ಳಿಯ ಮಗುವಿಗೆ ಕಾಗದದ ಮೇಲಾದರೂ ಇದ್ದ ಹಕ್ಕು ಪಕ್ಕದ ಅಥಣಿ ತಾಲ್ಲೂಕಿನ ಹಳ್ಳಿಯ ಮಗುವಿಗೆ ಇರಲಿಲ್ಲ. ಹಿಂದುಳಿದದ್ದು ಸಂಸ್ಥಾನ, ಮುಂದುವರಿದದ್ದು ಬ್ರಿಟಿಷ್ ಸೀಮೆ ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ತಲೆಕೆಳಗಾಗುತ್ತದೆ. ಆದರೆ ಕೊಲ್ಹಾಪುರದ ಆಡಳಿತ ಭಾಷೆ ಮರಾಠಿ. ಕಡ್ಡಾಯದ ಕೊಡುಗೆ ರಾಯಬಾಗಕ್ಕೆ ಬಂದದ್ದು ಮರಾಠಿ ದಫ್ತರದ ಕೈಯಿಂದ ಎಂಬುದನ್ನೂ ಹೇಳಬೇಕು.

ಬೋರ್ಡಿಂಗಿನ ಕಲ್ಪನೆ ಗಡಿಯ ಎರಡೂ ಕಡೆ ಹಬ್ಬಿತು. ನಿಪ್ಪಾಣಿಯ ಹತ್ತಿರ ಗುಡ್ಡದ ಮಗ್ಗುಲಲ್ಲಿರುವ ಸ್ತವನಿಧಿ ಜೈನರ ಕ್ಷೇತ್ರ. 1899ರಲ್ಲಿ ಅಲ್ಲಿ ದಕ್ಷಿಣ ಭಾರತ ಜೈನ ಸಭೆ ರೂಪುಗೊಂಡಿತು. ಜಾತ್ರೆಗೆ ಬಂದ ಒಕ್ಕಲಿಗರ, ವ್ಯಾಪಾರಿಗಳ ನಡುವೆ ಹುಟ್ಟಿದ ಸಂಘಟನೆ ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವಿದ್ಯಾರ್ಥಿಗಳಿಗೆ ವಸತಿ ಕಟ್ಟಿತು. ಮೂರು ಸರ್ಕಾರಗಳ ನೆಲದಲ್ಲಿ ಹಂಚಿಹೋಗಿದ್ದ ಜನ ತಮ್ಮ ಮಕ್ಕಳಿಗಾಗಿ ಮಾಡಿಕೊಂಡ ಈ ಜಾಲಕ್ಕೆ ಯಾವ ಸರ್ಕಾರದ ಗಡಿಯೂ ಅಡ್ಡ ಬರಲಿಲ್ಲ.

ಇದರ ಫಲ ಹೇಗಿತ್ತು ಎಂಬುದಕ್ಕೆ ಆದಿನಾಥ ನೇಮಿನಾಥ ಉಪಾಧ್ಯೆಯವರ ಬದುಕು ಸಾಕ್ಷಿ. ಅವರು 1906ರಲ್ಲಿ ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ ಹುಟ್ಟಿದರು. ಹೈಸ್ಕೂಲು ಬೆಳಗಾವಿಯಲ್ಲಿ, ಪದವಿ ಮುಂಬಯಿ ವಿಶ್ವವಿದ್ಯಾಲಯದ್ದು, ನೌಕರಿ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. ಪ್ರಾಕೃತ ಮತ್ತು ಜೈನ ಅಧ್ಯಯನದಲ್ಲಿ ಅವರ ಸಂಪಾದನೆಗಳನ್ನು ದಾಟಿ ಮುಂದೆ ಹೋಗಲಾಗದು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮನೆಯಲ್ಲಿ ಕನ್ನಡ, ಸುತ್ತ ಮರಾಠಿ, ತರಗತಿಯಲ್ಲಿ ಇಂಗ್ಲಿಷ್, ಮೇಜಿನ ಮೇಲೆ ಅರ್ಧಮಾಗಧಿ. ಇಂಥ ವಿದ್ವಾಂಸ ಬರುವುದು ಗಡಿಯಿಂದಲೇ.

ದಲಿತರ ಪಾಲಿಗೆ ಶಾಲೆಯ ಬಾಗಿಲು ಬೇರೆಯ ಹೋರಾಟ. 1923ರಲ್ಲಿ ಬೋಲೆಯವರ ಗೊತ್ತುವಳಿ ಮುಂಬಯಿ ಶಾಸನಸಭೆಯಲ್ಲಿ ಪಾಸಾಗಿ ಸರ್ಕಾರಿ ಶಾಲೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆಯಬೇಕೆಂದಾಯಿತು. ಆಚರಣೆಯಲ್ಲಿ ಹುಡುಗರು ಶಾಲೆಯ ಕಟ್ಟೆಯ ಮೇಲೆ, ಬಾಗಿಲ ಹೊರಗೆ ಕೂರುವುದು ಮುಂದುವರಿಯಿತು. 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಿಪ್ಪಾಣಿಯಲ್ಲಿ ನಡೆದಾಗ ಅಧ್ಯಕ್ಷತೆ ವಹಿಸಿದವರು ಅಂಬೇಡ್ಕರರು. ಅದೇ ವರ್ಷ ಅವರ ಬಹಿಷ್ಕೃತ ಹಿತಕಾರಿಣಿ ಸಭೆ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ನಡೆಸತೊಡಗಿತ್ತು. ಹೋರಾಟದ ದಾರಿಯೂ ಬೋರ್ಡಿಂಗಿನ ಮೂಲಕವೇ ಹಾದುಹೋಯಿತು.

ಬೋರ್ಡು, ಸಂಸ್ಥೆ, ರಾಜ್ಯ

1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಒಪ್ಪಿಸಿತು. ಅಂದಿನಿಂದ ಜಿಲ್ಲಾ ಸ್ಕೂಲ್ ಬೋರ್ಡು ಮಾಸ್ತರರ ದಣಿ. ಬದಲಿ, ನೇಮಕ, ಶಾಲೆ ಮಂಜೂರಾತಿ ಎಲ್ಲವೂ ಬೋರ್ಡಿನ ರಾಜಕಾರಣ. 1947ರ ಹೊಸ ಕಾಯ್ದೆ ಹಿಡಿತವನ್ನು ಮತ್ತೆ ಸರ್ಕಾರದ ಕಡೆ ಎಳೆಯಿತು. ಪ್ರೌಢಶಿಕ್ಷಣ ಮಾತ್ರ ಹೆಚ್ಚುಕಡಿಮೆ ಖಾಸಗಿಯವರ ಕೈಯಲ್ಲೇ ಬೆಳೆಯಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಆರಂಭಿಸಿದ ಕೆ.ಎಲ್.ಇ. ಸಂಸ್ಥೆ ಅರವತ್ತರ ದಶಕದಲ್ಲಿ ನಿಪ್ಪಾಣಿಗೆ ಬಾಗೇವಾಡಿ ಕಾಲೇಜನ್ನೂ ಚಿಕ್ಕೋಡಿಗೆ ಬಸವಪ್ರಭು ಕೋರೆ ಕಾಲೇಜನ್ನೂ ತಂದಿತು. ಅಥಣಿಯಲ್ಲಿ ಜಾಧವಜೀ ಆನಂದಜೀ ಹೈಸ್ಕೂಲು, ಕಾಗವಾಡದಲ್ಲಿ ಶಿವಾನಂದ ಕಾಲೇಜು. ಇವುಗಳ ಹಿಂದಿದ್ದದ್ದು ತಂಬಾಕು, ಹತ್ತಿ, ಆಮೇಲೆ ಕಬ್ಬಿನ ಹಣ. ಸಹಕಾರಿ ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿಯ ಮುಖಗಳೇ ಶಿಕ್ಷಣ ಸಂಸ್ಥೆಯ ಆಡಳಿತ ಮಂಡಳಿಯಲ್ಲೂ ಕಾಣುವುದು ಈ ಸೀಮೆಯಲ್ಲಿ ಯಾರಿಗೂ ಅಚ್ಚರಿಯ ಮಾತಲ್ಲ.

1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸರ್ಕಾರ ಒಂದೇ ರಾತ್ರಿ ಬದಲಾಯಿತು, ಶಾಲೆಗೆ ವರ್ಷಗಳೇ ಹಿಡಿದವು. ಮುಂಬಯಿಯ ಹನ್ನೊಂದು ವರ್ಷದ ಎಸ್ಸೆಸ್ಸಿ, ಹಳೆ ಮೈಸೂರಿನ ಬೇರೆಯದೇ ಮೆಟ್ಟಿಲು, ಹೈದರಾಬಾದಿನದು ಇನ್ನೊಂದು ಬಗೆ. ಇವನ್ನೆಲ್ಲ ಒಂದು ಅಚ್ಚಿಗೆ ತರಬೇಕಿತ್ತು. ಇಡೀ ರಾಜ್ಯಕ್ಕೆ ಒಂದೇ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದದ್ದು 1961ರಲ್ಲಿ.

ಮರಾಠಿ ಶಾಲೆಗಳ ಪ್ರಶ್ನೆಗೆ ಸಂವಿಧಾನವೇ 1956ರಲ್ಲಿ ಒಂದು ಉತ್ತರ ಕೊಟ್ಟಿತ್ತು. ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು. ಹೀಗೆ ನಿಪ್ಪಾಣಿಯಂಥ ಊರಿನಲ್ಲಿ ಒಂದೇ ಇಲಾಖೆಯ ಕೆಳಗೆ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳು ಉಳಿದವು. ಹಳೆಯ ಫಲಕಗಳಲ್ಲಿ ಇನ್ನೂ ‘ಕನ್ನಡ ಗಂಡುಮಕ್ಕಳ ಶಾಲೆ’, ‘ಕನ್ನಡ ಹೆಣ್ಣುಮಕ್ಕಳ ಶಾಲೆ’ ಎಂದು ಓದಬಹುದು. ಮರಾಠಿ ಮಾಧ್ಯಮದ ಪಠ್ಯಪುಸ್ತಕವನ್ನು ಅಚ್ಚು ಹಾಕುವುದು ಕರ್ನಾಟಕ ಸರ್ಕಾರ. ಗಡಿಯ ಆಚೆ ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಯ ಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. ಎರಡು ರಾಜ್ಯಗಳ ಗಡಿವಿವಾದಕ್ಕಾಗಿ ನೇಮಕವಾದ ಮಹಾಜನ ಆಯೋಗ 1967ರ ವರದಿಯಲ್ಲಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೂ ಜತ್ತ, ಅಕ್ಕಲಕೋಟೆಗಳನ್ನು ಕರ್ನಾಟಕಕ್ಕೂ ಕೊಡಬೇಕೆಂದಿತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ, ಎರಡೂ ಕಡೆಯ ಶಾಲೆಗಳು ಇದ್ದಲ್ಲೇ ಇದ್ದವು. ಎಂಬತ್ತರ ದಶಕದ ಗೋಕಾಕ್ ಚಳವಳಿ, 1994ರ ಭಾಷಾನೀತಿ, 2014ರ ಸುಪ್ರೀಂ ಕೋರ್ಟ್ ತೀರ್ಪು ಇವೆಲ್ಲ ರಾಜ್ಯಕ್ಕೆ ಕನ್ನಡ–ಇಂಗ್ಲಿಷ್ ಪ್ರಶ್ನೆಗಳು. ಇಲ್ಲಿ ಅವು ಮೂರು ಮೂಲೆಯ ಪ್ರಶ್ನೆಯಾದವು. ಈಗ ನೋಡಿದರೆ ಕನ್ನಡ ಶಾಲೆಯಿಂದಲೂ ಮರಾಠಿ ಶಾಲೆಯಿಂದಲೂ ಮಕ್ಕಳನ್ನು ಸೆಳೆಯುತ್ತಿರುವುದು ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ಸು.

ತೋಟದ ಶಾಲೆ

ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಶಿಕ್ಷಕನಿಗೆ ರಾಯಬಾಗ, ಅಥಣಿ ವಲಯಗಳ ಶಾಲಾ ಪಟ್ಟಿ ವಿಚಿತ್ರವಾಗಿ ಕಾಣುತ್ತದೆ. ಊರಿನ ಹೆಸರಿನ ಶಾಲೆ ಒಂದೋ ಎರಡೋ. ಅದರ ಕೆಳಗೆ ಸಾಲಾಗಿ ಕಿರಿಯ ಪ್ರಾಥಮಿಕ ಶಾಲೆಗಳು, ಪ್ರತಿಯೊಂದರ ಹೆಸರಿನ ಕೊನೆಗೂ ‘ತೋಟ’: ಮನೆತನದ ಹೆಸರಿನ ತೋಟ, ಕುರುಬರ ತೋಟ, ಪಾಟೀಲರ ತೋಟ. ಕೃಷ್ಣೆ ಮತ್ತು ಘಟಪ್ರಭೆಯ ಕಾಲುವೆಗಳು, ಬಾವಿ, ಪಂಪ್‌ಸೆಟ್ಟುಗಳಿಂದ ನೀರು ಬಂದಂತೆ ಒಕ್ಕಲು ಮನೆಗಳು ಊರು ಬಿಟ್ಟು ಹೊಲಕ್ಕೆ ಸ್ಥಳಾಂತರವಾದವು. ಕಬ್ಬಿಗೆ ರಾತ್ರಿ ನೀರು ಹಾಯಿಸಬೇಕು, ಎಮ್ಮೆ ಕರೆಯಬೇಕು, ಊರಿನಲ್ಲಿ ಮಲಗಿದರೆ ನಡೆಯದು. ನಾಲ್ಕು ಮನೆ ನಾಲ್ಕು ದಿಕ್ಕಿಗೆ, ಮಧ್ಯೆ ಆಳೆತ್ತರದ ಕಬ್ಬು, ಮಳೆಗಾಲದಲ್ಲಿ ಮೊಣಕಾಲುದ್ದ ಎರೆಮಣ್ಣಿನ ರಾಡಿ. ಆರು ವರ್ಷದ ಮಗುವನ್ನು ಈ ದಾರಿಯಲ್ಲಿ ಊರಿನ ಶಾಲೆಗೆ ಯಾವ ತಾಯಿ ಕಳಿಸುತ್ತಾಳೆ?

ಇಲಾಖೆಯ ಲೆಕ್ಕಾಚಾರ ಜನವಸತಿಯ ಮೇಲೆ ನಿಂತಿದೆ: ಇಷ್ಟು ಜನಸಂಖ್ಯೆಗೆ, ಇಷ್ಟು ಕಿಲೋಮೀಟರಿಗೆ ಒಂದು ಶಾಲೆ. ಊರೆಂದರೆ ಒತ್ತಾಗಿ ಕೂಡಿದ ಮನೆಗಳು ಎಂಬ ಕಲ್ಪನೆ ಅದರೊಳಗಿದೆ. ತೋಟಪಟ್ಟಿಯಲ್ಲಿ ಆ ಕಲ್ಪನೆಯೇ ನಿಲ್ಲದು. ಶಾಲೆ ಬಂದದ್ದು ಹೆಚ್ಚಾಗಿ ಮನೆತನವೊಂದು ಒಂದೆರಡು ಗುಂಟೆ ಜಾಗ ಬಿಟ್ಟುಕೊಟ್ಟಾಗ. ಶಾಲೆಗೆ ಆ ಮನೆತನದ ಹೆಸರು ಅಂಟಿತು. ಒಂದೋ ಎರಡೋ ಕೋಣೆ, ಇಬ್ಬರು ಶಿಕ್ಷಕರು, ಒಂದರಿಂದ ಐದರವರೆಗೆ ಎಲ್ಲರೂ ಒಟ್ಟಿಗೆ. ಅಕ್ಕೋರು ಮೋಟಾರ್ ಸೈಕಲ್ಲಿನ ಹಿಂದೆ ಕೂತು ಬರುವ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹೂತುಕೊಂಡಿದ್ದರೆ ಆ ದಿನ ಪ್ರಾರ್ಥನೆ ತಡ.

ಈ ಶಾಲೆಗಳನ್ನು ಒಂದು ಜಾಲಕ್ಕೆ ಕಟ್ಟಿದ್ದು 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿ.ಪಿ.ಇ.ಪಿ. ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಮಹಿಳಾ ಸಾಕ್ಷರತೆ ಕಡಿಮೆ ಇದ್ದದ್ದು ಆಯ್ಕೆಯ ಮುಖ್ಯ ಅಳತೆ. ಕೊಠಡಿ ಬಂದವು, ಶಿಕ್ಷಕರು ಬಂದರು. ಅದಕ್ಕಿಂತ ದೀರ್ಘಕಾಲ ಉಳಿದದ್ದು ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿ.ಆರ್.ಸಿ.), ಸಮೂಹ ಸಂಪನ್ಮೂಲ ಕೇಂದ್ರ (ಸಿ.ಆರ್.ಸಿ.) ಎಂಬ ಮೆಟ್ಟಿಲುಗಳು. ಡೆಪ್ಯುಟಿಯ ಕಾಲದ ತಪಾಸಣೆಯ ಜಾಗದಲ್ಲಿ ಈಗ ಸಮೂಹ ಸಂಪನ್ಮೂಲ ವ್ಯಕ್ತಿ. ಅವನು ಸಾಹೇಬನಲ್ಲ, ಶಿಕ್ಷಕರ ನಡುವಿನಿಂದಲೇ ಬಂದವನು. ಕೆಲಸ ಪಾಠಕ್ಕೆ ನೆರವಾಗುವುದು ಎಂದು ಆದೇಶದಲ್ಲಿದೆ. ದಿನದ ಹೆಚ್ಚಿನ ಹೊತ್ತು ಹೋಗುವುದು ಮಾಹಿತಿ ತುಂಬಿ ಕಳಿಸುವುದರಲ್ಲಿ.

ಕಬ್ಬಿನ ಇನ್ನೊಂದು ಮುಖ ಕಟಾವು. ಹಂಗಾಮಿನಲ್ಲಿ ಗ್ಯಾಂಗು ಕಟ್ಟಿಕೊಂಡು ಬರುವ ಕುಟುಂಬಗಳ ಮಕ್ಕಳು ಕಾರ್ಖಾನೆಯ ಸುತ್ತಿನ ಗುಡಿಸಲುಗಳಲ್ಲಿರುತ್ತಾರೆ. ಟೆಂಟ್ ಶಾಲೆಗಳು ಇಂಥ ಮಕ್ಕಳಿಗಾಗಿ ಬಂದವು. ನಿಪ್ಪಾಣಿಯಲ್ಲಿ ಅದೇ ಪ್ರಶ್ನೆಗೆ ಬೀಡಿಯ ರೂಪ. ತಾಯಿ ಬೀಡಿ ಸುತ್ತುವಾಗ ಮಗಳು ಎಲೆ ಕತ್ತರಿಸುತ್ತ ಕೂತರೆ ಹಜೇರಿ ಪುಸ್ತಕದಲ್ಲಿ ಗೈರು. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ವಿದ್ಯಾರ್ಥಿವೇತನ ಎಷ್ಟೋ ಹುಡುಗಿಯರನ್ನು ಹೈಸ್ಕೂಲಿನವರೆಗೆ ತಂದಿದೆ. ಹೊಳೆದಂಡೆಯ ಶಾಲೆಗಳ ಕಥೆ ಬೇರೆ. 2005ರಲ್ಲಿ, 2019ರಲ್ಲಿ ಕೃಷ್ಣೆ ಉಕ್ಕಿದಾಗ ತಗ್ಗಿನ ಶಾಲೆಗಳು ಮುಳುಗಿದವು, ದಿಬ್ಬದ ಶಾಲೆಗಳು ಸಂತ್ರಸ್ತರ ಕೇಂದ್ರಗಳಾದವು.

ಜಿಲ್ಲೆಯಾಗದ ಜಿಲ್ಲೆ

ಬೆಳಗಾವಿಯಂಥ ವಿಸ್ತಾರವಾದ ಜಿಲ್ಲೆಯ ಶಾಲೆಗಳನ್ನು ಒಂದು ಕಚೇರಿಯಿಂದ ನೋಡಿಕೊಳ್ಳುವುದು ಅಸಾಧ್ಯವೆಂದು ಶಿಕ್ಷಣ ಇಲಾಖೆಗೆ ಮನವರಿಕೆಯಾಯಿತು, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ ಹುಟ್ಟಿತು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆಗಳನ್ನು ಮಾಡಿದಾಗ ಚಿಕ್ಕೋಡಿ, ಗೋಕಾಕಗಳ ಹೆಸರೂ ಘೋಷಣೆಯಾಗಿ, ಗಡಿವಿವಾದದ ಕಾರಣ ಮುಂದಿಟ್ಟ ವಿರೋಧಕ್ಕೆ ಮಣಿದು ಹಿಂದೆ ಸರಿದದ್ದು ಇಲ್ಲಿನವರಿಗೆ ಇನ್ನೂ ಹಸಿಯಾದ ನೆನಪು. ಬೆಳಗಾವಿಯನ್ನು ಒಡೆದರೆ ಮಹಾರಾಷ್ಟ್ರದ ವಾದಕ್ಕೆ ಬಲ ಬರುತ್ತದೆ ಎಂಬುದು ವಿರೋಧದ ತಿರುಳು. ಶಿಕ್ಷಣ ಇಲಾಖೆ ಜಿಲ್ಲೆಯನ್ನು ಒಡೆದಾಗ ಯಾರೂ ಬೀದಿಗಿಳಿಯಲಿಲ್ಲ. ಶಾಲೆಯ ನಕ್ಷೆಗೆ ರಾಜಕೀಯ ತೂಕ ಕಡಿಮೆ ಎಂದು ಇದನ್ನು ಓದಬಹುದು. ಆ ಕಾರಣಕ್ಕೇ ಅದು ಮಕ್ಕಳ ಸಂಖ್ಯೆಗೂ ದೂರಕ್ಕೂ ಹೆಚ್ಚು ಪ್ರಾಮಾಣಿಕವಾಗಿದೆ ಎಂದು ನಾನು ಓದುತ್ತೇನೆ.

ತಾಲ್ಲೂಕುಗಳ ಮಟ್ಟದಲ್ಲೂ ಇದೇ ನಡೆದಿದೆ. ನಿಪ್ಪಾಣಿ, ಕಾಗವಾಡ, ಮೂಡಲಗಿ ಕಂದಾಯ ತಾಲ್ಲೂಕುಗಳಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಅದಕ್ಕಿಂತ ವರ್ಷಗಳ ಹಿಂದೆಯೇ ಇಲಾಖೆಯ ಶಾಲಾ ಅಂಕಿಅಂಶದ ಪಟ್ಟಿಗಳಲ್ಲಿ ಈ ಮೂರೂ ಪ್ರತ್ಯೇಕ ವಲಯಗಳು, ಒಂದೊಂದಕ್ಕೂ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ. ಕಾಗವಾಡದವನು ಪಹಣಿಗೆ ಅಥಣಿಗೆ ಹೋಗುತ್ತಿದ್ದ ಕಾಲದಲ್ಲಿ ಅವನ ಮಗನ ಶಾಲೆಯ ಕಾಗದ ಕಾಗವಾಡದಲ್ಲೇ ಸಹಿಯಾಗುತ್ತಿತ್ತು. ಮೇಲಿನ ಕೊಂಡಿ ಮಾತ್ರ ಹಳೆಯದೇ: ಬೆಳಗಾವಿ ವಿಭಾಗದ ಅಪರ ಆಯುಕ್ತರ ಕಚೇರಿ ಇರುವುದು ಧಾರವಾಡದಲ್ಲಿ.

ರಾಜ್ಯದ ಗಡಿಯನ್ನೂ ಶಾಲೆ ಹೇಗೆ ದಾಟುತ್ತದೆ ಎಂಬುದನ್ನು ನಿಪ್ಪಾಣಿಯಲ್ಲಿ ಕಣ್ಣಾರೆ ನೋಡಬಹುದು. ಊರಿನ ಅಂಚಿನ ಅರ್ಜುನನಗರದಲ್ಲಿರುವ ದೇವಚಂದ ಕಾಲೇಜು ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲ್ಲೂಕಿಗೆ ಸೇರಿದ್ದು, ಅದರ ಪದವಿ ಶಿವಾಜಿ ವಿಶ್ವವಿದ್ಯಾಲಯದ್ದು. ಊರೊಳಗಿನ ಬಾಗೇವಾಡಿ ಕಾಲೇಜು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದ ಮೇಲೆ ಅದಕ್ಕೆ. ಎಸ್ಸೆಸ್ಸೆಲ್ಸಿ ಮುಗಿಸಿದ ನಿಪ್ಪಾಣಿಯ ಹುಡುಗಿ ಸೈಕಲ್ಲಿನಲ್ಲೇ ಎರಡು ರಾಜ್ಯಗಳ ನಡುವೆ ಆಯ್ಕೆ ಮಾಡಬಹುದು: ಇತ್ತ ಪಿಯುಸಿ, ಅತ್ತ ಎಚ್.ಎಸ್.ಸಿ.

ಮುಂದಿನ ಮೆಟ್ಟಿಲಿನಲ್ಲಿ ಎರಡೂ ಸರ್ಕಾರಗಳು ಗಡಿಯಾಚೆ ಕೈಚಾಚುತ್ತವೆ. ಮಹಾರಾಷ್ಟ್ರ ತನ್ನದೆಂದು ಹೇಳುವ ಕರ್ನಾಟಕದ 865 ಊರುಗಳ ಮರಾಠಿ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಅಲ್ಲಿನ ವೃತ್ತಿಶಿಕ್ಷಣ ಪ್ರವೇಶದಲ್ಲಿ ಪ್ರತ್ಯೇಕ ವರ್ಗವಿದೆ, ನಿಪ್ಪಾಣಿ ಆ ಪಟ್ಟಿಯಲ್ಲಿದೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡು ಕನ್ನಡಿಗರ ಕಲಮು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡ ಮಕ್ಕಳನ್ನು ಒಳಗೆ ತೆಗೆದುಕೊಳ್ಳುತ್ತದೆ. ಪ್ರತಿ ಬೇಸಿಗೆಯಲ್ಲಿ ಫಲಿತಾಂಶ ಬಂದ ಮೇಲೆ ಅಥಣಿಯ, ನಿಪ್ಪಾಣಿಯ ಝೆರಾಕ್ಸ್ ಅಂಗಡಿಗಳಲ್ಲಿ ಗದ್ದಲ. ವಾಸದ ಪ್ರಮಾಣಪತ್ರ, ಮಾತೃಭಾಷೆಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಅದರೊಂದಿಗೆ ಪ್ರಾಥಮಿಕ ಶಾಲೆಯ ಜನರಲ್ ರಜಿಸ್ಟರಿನ ಉತಾರ. ಒಂದು ಪ್ರತಿ ಬೆಂಗಳೂರಿಗೆ, ಇನ್ನೊಂದು ಮುಂಬಯಿಗೆ.